ದೀಪ ಕೊನೆಗೆ: ಬೆಂಗಳೂರಿನ ಒಂದು ಮನೆಯ ಮೊದಲ ಹವಳದ ತೊಟ್ಟಿ

ಬೆಂಗಳೂರಿನ ರಾಜರಾಜೇಶ್ವರಿ ನಗರದ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿ. ಗಂಡ ಬ್ಯಾಂಕ್ ಉದ್ಯೋಗಿ, ಹೆಂಡತಿ ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುವವರು, ಪಿಯುಸಿ ಓದುವ ಒಬ್ಬಳು ಮಗಳು. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡಿ ಬಂದ ಮೇಲೆ ಮಗಳಿಗೆ ಹವಳದ ಹುಚ್ಚು ಹಿಡಿದಿತ್ತು. ಸಿಹಿನೀರಿನ ಮೀನುಗಳನ್ನು ಈ ಮನೆಯವರು ವರ್ಷಗಳಿಂದ ಸಾಕಿದ್ದಾರೆ. ಉಪ್ಪುನೀರು ಮಾತ್ರ ಹೊಸದು. ಒಂದೂವರೆ ಲಕ್ಷ ರೂಪಾಯಿ ಎತ್ತಿಟ್ಟು, ಕೊಳ್ಳಬೇಕಾದ ಸಾಮಾನಿನ ಪಟ್ಟಿ ಮಾಡಿ, ಒಮ್ಮೆ ನೋಡಿ ಹೇಳಿ ಎಂದು ನನ್ನ ಮುಂದಿಟ್ಟರು.

ಪಟ್ಟಿಯ ಮೊದಲ ಸಾಲಿನಲ್ಲೇ ದೀಪವಿತ್ತು. ವಿದೇಶಿ ತಯಾರಿಕೆಯ ಎಲ್‌ಇಡಿ, ಬೆಲೆ 65,000 ರೂಪಾಯಿ. ಕೊನೆಯ ಸಾಲಿನಲ್ಲಿ ‘ನೀರು: ಅಡುಗೆಮನೆಯ ಫಿಲ್ಟರ್’ ಎಂದು ಬರೆದಿತ್ತು. ಕರೆಂಟು ಹೋದರೆ ಏನು ಎಂಬುದಕ್ಕೆ ಸಾಲೇ ಇರಲಿಲ್ಲ.

ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಆ ಪಟ್ಟಿಯ ಕ್ರಮವೇ ಕಾರಣ. ಮೊದಲ ಬಾರಿ ಹವಳ ಸಾಕಲು ಹೊರಟವರು ಬಹುತೇಕ ಹೀಗೆಯೇ ದೀಪದಿಂದ ಶುರು ಮಾಡುತ್ತಾರೆ. ಕಣ್ಣಿಗೆ ಬೀಳುವುದೂ ಅದೇ, ಅಂಗಡಿಯವರು ಹೊಗಳುವುದೂ ಅದನ್ನೇ. ನನ್ನ ಅನುಭವದಲ್ಲಿ ದೀಪವನ್ನು ಕೊನೆಗೆ ಆರಿಸಬೇಕು. ಯಾವ ಜೀವವನ್ನು ಸಾಕುತ್ತೇವೆ ಎಂಬುದು ಮೊದಲು ತೀರ್ಮಾನವಾಗಬೇಕು. ಆಮೇಲೆ ಮನೆಗೆ ಬರುವ ನೀರು, ಆಮೇಲೆ ಸೆಕೆ ಮತ್ತು ಕರೆಂಟು. ಇವು ಮೂರೂ ಇತ್ಯರ್ಥವಾದಾಗ ಎಂಥ ದೀಪ ಬೇಕೆಂಬುದು ತಾನಾಗಿ ತಿಳಿಯುತ್ತದೆ.

ಯಾವ ಹವಳ?

ಮಗಳ ಆಸೆ ಕೊಂಬೆಕೊಂಬೆಯಾಗಿ ಬೆಳೆಯುವ ಅಕ್ರೊಪೊರಾ ಮೇಲಿತ್ತು. ಅದು ಸುಣ್ಣದ ಅಸ್ಥಿಪಂಜರ ಕಟ್ಟುವ ಗಟ್ಟಿ ಹವಳ. ಇಲ್ಲಿ ಕಾನೂನು ಅಡ್ಡ ಬರುತ್ತದೆ, ಬರಬೇಕಾದದ್ದೂ ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನೂ ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆಗಳನ್ನೂ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಸತ್ತ ಹವಳದ ತುಂಡು ಕೂಡ ಇದರ ವ್ಯಾಪ್ತಿಗೆ ಬರುತ್ತದೆ. ಆದ್ದರಿಂದ ತೊಟ್ಟಿಯ ಒಳಗೆ ಜೋಡಿಸಲು ‘ಕಡಲಿನ ಬಂಡೆ’ ಎಂದು ಮಾರುವುದನ್ನು ಮುಟ್ಟಬಾರದು. ಲಕ್ಷದ್ವೀಪದ ಹವಳದ ದಿಬ್ಬಗಳು 1998, 2010 ಮತ್ತು 2016ರಲ್ಲಿ ಕಾವಿಗೆ ಸಿಕ್ಕಿ ಬೆಳ್ಳಗಾಗಿ ಸತ್ತಿವೆ. ಅಲ್ಲಿ ಅಳಿದುಳಿದದ್ದನ್ನು ನಮ್ಮ ಹಜಾರದ ಅಂದಕ್ಕೆ ಕಿತ್ತು ತರುವುದನ್ನು ನಾನು ಒಪ್ಪಲಾರೆ. ಇದನ್ನು ಹುಡುಗಿಗೆ ನೇರವಾಗಿಯೇ ಹೇಳಿದೆ.

“ಹಾಗಾದರೆ ಹವಳವನ್ನೇ ಸಾಕುವ ಹಾಗಿಲ್ಲವೇ, ಅಂಕಲ್?” ಎಂದಳು.

ಸಾಕಬಹುದು. ಸುಣ್ಣದ ಅಸ್ಥಿಪಂಜರವಿಲ್ಲದ ಮೃದು ಹವಳಗಳಿವೆ, ಅವುಗಳ ಹತ್ತಿರದ ಬಂಧುಗಳಿವೆ: ಚರ್ಮದಂತೆ ದಪ್ಪಗಿರುವ ಸಾರ್ಕೊಫೈಟನ್, ಬೆರಳು ಬೆರಳಾಗಿ ಏಳುವ ಸಿನುಲೇರಿಯಾ, ಅಣಬೆಯಂತೆ ಹರಡುವ ಡಿಸ್ಕೊಸೋಮಾ, ಬಣ್ಣಬಣ್ಣದ ಬಟನ್ನುಗಳಂತೆ ಗುಂಪಾಗಿ ಅರಳುವ ಜೊವಾಂಥಸ್. ತೊಟ್ಟಿಯಲ್ಲೇ ತುಂಡು ಮಾಡಿ ಬೆಳೆಸಿದ್ದನ್ನು ಬಿಲ್ಲು ಕೊಡುವವರಿಂದ ಮಾತ್ರ ಕೊಳ್ಳುವುದು ಎಂದು ಮನೆಯವರು ನಿರ್ಧರಿಸಿದರು. ಮೀನು ಎಂದರೆ ಮರಿ ಮಾಡಿಸಿ ಬೆಳೆಸಿದ ಒಂದು ಜೋಡಿ ಕ್ಲೌನ್‌ಫಿಶ್. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್‌ಫಿಶ್‌ಗಳ ಮರಿ ಉತ್ಪಾದನೆಯ ತಂತ್ರವನ್ನು ನಮ್ಮಲ್ಲೇ ರೂಪಿಸಿದೆ. ಅವನ್ನು ಕಡಲಿನಿಂದ ಹಿಡಿದು ತರುವ ಅಗತ್ಯವೇ ಇಲ್ಲ.

ಜೊವಾಂಥಸ್ ಬಗ್ಗೆ ಒಂದು ಎಚ್ಚರಿಕೆ. ಈ ಗುಂಪಿನ ಕೆಲವು ಜೀವಿಗಳಲ್ಲಿ, ಅದರಲ್ಲೂ ಪಾಲಿಥೋವಾಗಳಲ್ಲಿ, ಪಾಲಿಟಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಕತ್ತರಿಸಬಾರದು. ಅವು ಅಂಟಿಕೊಂಡ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಲೇಬಾರದು, ಆವಿಯೇ ಆಸ್ಪತ್ರೆಗೆ ಸೇರಿಸುತ್ತದೆ.

ಈ ಆಯ್ಕೆಯಿಂದ ಲೆಕ್ಕಾಚಾರವೇ ಬದಲಾಯಿತು. ಅಕ್ರೊಪೊರಾಕ್ಕೆ ಬೇಕಾದ ಬೆಳಕಿನ ಅರ್ಧಕ್ಕಿಂತ ಕಡಿಮೆ ಬೆಳಕು ಮೃದು ಹವಳಕ್ಕೆ ಸಾಕು. 65,000 ರೂಪಾಯಿಯ ದೀಪಕ್ಕೆ ಕೆಲಸವೇ ಉಳಿಯಲಿಲ್ಲ.

ನೀರು

ತೊಟ್ಟಿಯ ಅಳತೆ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಅದರ ಕೆಳಗೆ ಉಪಕರಣಗಳಿಗೆಂದು ಇನ್ನೊಂದು ಚಿಕ್ಕ ತೊಟ್ಟಿ. ಕಲ್ಲು ಮರಳು ಕಳೆದರೆ ಒಟ್ಟು ನೀರು ಸುಮಾರು 200 ಲೀಟರ್. ಸ್ಟ್ಯಾಂಡೂ ಸೇರಿ ಭಾರ 300 ಕಿಲೋ ಮೀರುತ್ತದೆ. ಅದನ್ನು ಹಜಾರದ ನಡುವೆ ಇಡದೆ, ಕೆಳಗೆ ಬೀಮ್ ಹಾದುಹೋಗುವ ಗೋಡೆಗೆ ತಾಗಿಸಿ ಇಟ್ಟೆವು.

ಮನೆಗೆ ಕಾವೇರಿ ನೀರು ವಾರಕ್ಕೆ ಕೆಲವು ದಿನ, ಉಳಿದಂತೆ ಬೋರ್‌ವೆಲ್ ಮತ್ತು ಟ್ಯಾಂಕರ್. ನೀರಿನಲ್ಲಿ ಕರಗಿದ ವಸ್ತು ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ತೋರಿಸುವ ಟಿಡಿಎಸ್ ಮೀಟರ್ ಹಿಡಿದು ನೋಡಿದಾಗ ನಲ್ಲಿಯಲ್ಲಿ 740, ಅಡುಗೆಮನೆಯ ಫಿಲ್ಟರಿನಲ್ಲಿ 85. ಕುಡಿಯಲು 85 ಚೆನ್ನಾಗಿಯೇ ಇದೆ. ಕುಡಿಯುವ ನೀರು ಸಪ್ಪೆಯಾಗಬಾರದೆಂದು ಈ ಫಿಲ್ಟರುಗಳಲ್ಲಿ ಸ್ವಲ್ಪ ಕಚ್ಚಾ ನೀರನ್ನು ಮತ್ತೆ ಬೆರೆಸುವ ವ್ಯವಸ್ಥೆ ಇರುತ್ತದೆ. ತೊಟ್ಟಿಗೆ ಅದೇ ಕಂಟಕ. ಬೆಂಗಳೂರಿನ ಒಣಹವೆಯಲ್ಲಿ ಇಷ್ಟು ದೊಡ್ಡ ತೊಟ್ಟಿಯಿಂದ ದಿನಕ್ಕೆ ಮೂರೂವರೆ ಲೀಟರ್ ಆವಿಯಾಗುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ ನೂರು ಲೀಟರ್ ದಾಟಿತು, ಅಂದರೆ ತೊಟ್ಟಿಯ ಅರ್ಧ ನೀರು. ಆವಿಯಾಗುವುದು ಶುದ್ಧ ನೀರು ಮಾತ್ರ. ನಾವು ತುಂಬಿದ ನೀರಿನಲ್ಲಿ ಕರಗಿದ್ದೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. 85ರ ನೀರನ್ನೇ ತುಂಬುತ್ತಾ ಹೋದರೆ ತಿಂಗಳಿಗೆ ಒಂಬತ್ತು ಗ್ರಾಂ ಬೇಡದ ವಸ್ತು ಸೇರುತ್ತದೆ. ಅದರಲ್ಲಿ ನೈಟ್ರೇಟು, ಸಿಲಿಕೇಟುಗಳೂ ಇರುತ್ತವೆ. ಪಾಚಿಗೆ ನಾವೇ ಗೊಬ್ಬರ ಹಾಕಿ ಸಾಕಿದಂತೆ.

ಹಾಗಾಗಿ ಮೊದಲ ಖರೀದಿ ನೀರನ್ನು ಪೊರೆಯ ಮೂಲಕ ಸೋಸುವ ಪ್ರತ್ಯೇಕ ಆರ್‌ಒ ಘಟಕ, ಅದರ ಮುಂದೆ ಉಳಿದ ಲವಣಗಳನ್ನು ಹೀರುವ ಡಿಐ ರಾಳದ ಕೊಳವೆ. ಆರ್‌ಒದಿಂದ 25ಕ್ಕೆ ಇಳಿದ ನೀರು ರಾಳ ದಾಟಿದ ಮೇಲೆ ಸೊನ್ನೆ ತೋರಿಸಿತು. ಸೊನ್ನೆ ಬಿಟ್ಟು ಒಂದು ಎರಡು ಎಂದು ಏರತೊಡಗಿದ ದಿನ ರಾಳ ಬದಲಿಸಬೇಕು.

ಟ್ಯಾಂಕರಿನ ಲೆಕ್ಕ ಇಡುವವರು ಮನೆಯ ಯಜಮಾನಿ. ಅವರು ಕೇಳಿದ ಪ್ರಶ್ನೆಯೇ ನನಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಮುಖ್ಯವಾಗಿ ಕಂಡದ್ದು: “ಸರ್, ಒಂದು ಲೀಟರ್ ಒಳ್ಳೆಯ ನೀರಿಗೆ ಎಷ್ಟು ನೀರು ಚರಂಡಿಗೆ ಹೋಗುತ್ತದೆ?” ಸುಮಾರು ಮೂರು ಲೀಟರ್. ಆವಿಗೆ ನೂರ ಐದು, ವಾರಕ್ಕೆ ಇಪ್ಪತ್ತರಂತೆ ಬದಲಿಸಲು ಎಂಬತ್ತು. ತಿಂಗಳಿಗೆ 185 ಲೀಟರ್ ಒಳ್ಳೆಯ ನೀರು ಬೇಕು ಎಂದರೆ 550 ಲೀಟರ್ ತ್ಯಾಜ್ಯ. ಬೇಸಿಗೆಯಲ್ಲಿ ನೀರಿಗಾಗಿ ಪರದಾಡುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಅವರು ಬಾಲ್ಕನಿಯಲ್ಲಿ ಒಂದು ಡ್ರಮ್ ಇಟ್ಟು ತ್ಯಾಜ್ಯದ ಪೈಪನ್ನು ಅದಕ್ಕೆ ಬಿಟ್ಟರು. ನೆಲ ಒರೆಸುವುದು, ಶೌಚಾಲಯ, ಬಟ್ಟೆ ನೆನೆಸುವುದು ಎಲ್ಲ ಅದರಲ್ಲೇ ಆಗುತ್ತದೆ. ಇದಕ್ಕೆ ಜಾಗ ಮಾಡಿಕೊಳ್ಳಲಾಗದಿದ್ದರೆ ಚಿಕ್ಕ ತೊಟ್ಟಿಗೆ ಇಳಿಯಿರಿ ಎಂದು ನಾನು ಹೇಳುತ್ತಿದ್ದೆ.

ಉಪ್ಪು ಅಡುಗೆಯದಲ್ಲ, ಕಡಲಿನ ಖನಿಜಗಳನ್ನೆಲ್ಲ ಹೊಂದಿಸಿದ ಸಿದ್ಧ ಮಿಶ್ರಣ. ಲೀಟರಿಗೆ ಸುಮಾರು 37 ಗ್ರಾಂ, ಲವಣಾಂಶ ಸಾವಿರಕ್ಕೆ 35 ಪಾಲು. ಅಳೆಯಲು ರಿಫ್ರ್ಯಾಕ್ಟೋಮೀಟರ್ ಬೇಕು. ಅದನ್ನು ಬರೀ ಆರ್‌ಒ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು, 35ರ ಪ್ರಮಾಣಿತ ದ್ರಾವಣದಲ್ಲೂ ಸರಿನೋಡಬೇಕು. ನಮಗೆ ಬೇಕಾದ ಬಿಂದು ಅಲ್ಲಿರುವುದರಿಂದ ಸರಿಯಿರಬೇಕಾದದ್ದೂ ಅಲ್ಲಿಯೇ.

ಸೆಕೆ ಮತ್ತು ಕರೆಂಟು

ಹವಳಕ್ಕೆ 25–26 ಡಿಗ್ರಿ ಹಿತ. 28 ದಾಟಿದರೆ ಸಂಕಟ ಶುರು. ಬೆಂಗಳೂರು ತಂಪಿನ ಊರು ಎಂಬ ಮಾತನ್ನು ನಂಬಿ ಕೂರುವಂತಿಲ್ಲ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿದೆ. ಇತ್ತ ಡಿಸೆಂಬರಿನ ರಾತ್ರಿ ನೀರು 21ಕ್ಕೆ ಇಳಿಯುತ್ತದೆ. ಹಾಗಾಗಿ ಹೀಟರೂ ಬೇಕು, ತಂಪು ಮಾಡುವ ಉಪಾಯವೂ ಬೇಕು.

ಪಟ್ಟಿಯಲ್ಲಿ ಚಿಲ್ಲರ್ ಇತ್ತು. ಅದನ್ನು ತೆಗೆಸಿ, ನೀರಿನ ಮೇಲೆ ಓರೆಯಾಗಿ ಗಾಳಿ ಬೀಸುವ ಎರಡು ಪುಟ್ಟ ಫ್ಯಾನ್ ಮತ್ತು ಅವನ್ನು ತಾನೇ ಹಚ್ಚಿ ಆರಿಸುವ ಒಂದು ಥರ್ಮೋಸ್ಟಾಟ್ ಹಾಕಿಸಿದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. 200 ಲೀಟರ್ ನೀರನ್ನು ಹತ್ತಿರಹತ್ತಿರ ಮೂರು ಡಿಗ್ರಿ ತಣ್ಣಗಾಗಿಸಲು ಅಷ್ಟು ಸಾಕು. ಬೆಂಗಳೂರಿನ ಮಾರ್ಚ್–ಏಪ್ರಿಲ್ ಒಣಗಿದ್ದು, ಆವಿ ಸರಾಗವಾಗಿ ಏಳುತ್ತದೆ. ಇದೇ ಮನೆ ಮಂಗಳೂರಿನಲ್ಲೋ ಕಾರವಾರದಲ್ಲೋ ಇದ್ದಿದ್ದರೆ ಚಿಲ್ಲರ್ ಕೊಳ್ಳಿ ಎಂದೇ ಹೇಳುತ್ತಿದ್ದೆ. ಗಾಳಿಯೇ ನೀರಿನಿಂದ ತುಂಬಿರುವಲ್ಲಿ ಫ್ಯಾನಿನ ಆಟ ನಡೆಯದು. ಫ್ಯಾನ್ ಎಂದ ಮೇಲೆ ಆವಿಯಾದಷ್ಟೇ ಶುದ್ಧ ನೀರನ್ನು ತಾನಾಗಿ ತುಂಬುವ ಸಾಧನ ಕಡ್ಡಾಯ. ಅದಿಲ್ಲದಿದ್ದರೆ ಉಪ್ಪಿನಂಶ ದಿನದಿನಕ್ಕೆ ಏರಿಳಿಯುತ್ತದೆ, ಹವಳಗಳು ಮುದುಡುತ್ತವೆ.

ಕರೆಂಟು ಹೋದಾಗ ಮೀನನ್ನೂ ಹವಳವನ್ನೂ ಕೊಲ್ಲುವುದು ಕತ್ತಲೆಯಲ್ಲ, ನಿಂತ ನೀರು. ಹರಿವು ನಿಂತ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಕುಸಿಯುತ್ತದೆ. ದೀಪ ಒಂದು ದಿನ ಆರಿದ್ದರೂ ಹವಳಕ್ಕೆ ಏನೂ ಆಗುವುದಿಲ್ಲ. ಮೋಡ ಕವಿದ ದಿನಗಳು ಕಡಲಿನಲ್ಲೂ ಇರುತ್ತವೆ. ಆದ್ದರಿಂದ ಮನೆಯ ಯುಪಿಎಸ್‌ಗೆ ಜೋಡಿಸಿದ್ದು ಕೆಳಗಿನ ತೊಟ್ಟಿಯ ನೀರನ್ನು ಮೇಲಕ್ಕೆ ಕಳಿಸುವ ರಿಟರ್ನ್ ಪಂಪ್, ನೀರನ್ನು ಅಲೆಯಾಡಿಸುವ ವೇವ್‌ಮೇಕರ್, ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಮೂರನ್ನೇ. ಮೂರೂ ಸೇರಿ 50 ವ್ಯಾಟ್. 12 ವೋಲ್ಟಿನ 150 ಎಎಚ್ ಬ್ಯಾಟರಿಯನ್ನು ಅರ್ಧದವರೆಗೆ ಮಾತ್ರ ಬಳಸಿದರೂ, ಪರಿವರ್ತನೆಯ ನಷ್ಟ ಕಳೆದು, ಹದಿನೈದು ಗಂಟೆ ಓಡುತ್ತದೆ; ಮನೆಯ ಫ್ಯಾನು ಲೈಟುಗಳೂ ಅದರಲ್ಲೇ ಇದ್ದರೆ ನಾಲ್ಕೈದು ಗಂಟೆ. ಮೊದಲಿದ್ದ ಯುಪಿಎಸ್ ಸ್ಕ್ವೇರ್ ವೇವ್ ಬಗೆಯದು. ಅದರಲ್ಲಿ ಪಂಪುಗಳು ಗುಂಯ್‌ಗುಡುತ್ತಾ ಬಿಸಿಯಾಗುತ್ತವೆ. ಸೈನ್ ವೇವ್ ಯುಪಿಎಸ್‌ಗೆ ಹಣ ತೆಗೆದಿಡಲೇಬೇಕಾಯಿತು. ದೀಪದಲ್ಲಿ ಉಳಿದ ದುಡ್ಡಿನ ದೊಡ್ಡ ಪಾಲು ಇಲ್ಲಿಗೆ ಹೋಯಿತು, ಮತ್ತು ಅದು ಹೋಗಬೇಕಾದ ಜಾಗವೇ.

ಉಪ್ಪುನೀರು ಸಿಹಿನೀರಿಗಿಂತ ಎಷ್ಟೋ ಪಟ್ಟು ಸಲೀಸಾಗಿ ವಿದ್ಯುತ್ ಹರಿಸುತ್ತದೆ. ಈ ಸಾಲಿಗೇ ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ ಒಂದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಪ್ರತಿ ವೈರನ್ನೂ ಪ್ಲಗ್ಗಿಗಿಂತ ಕೆಳಗೆ ಇಳಿಬಿಟ್ಟು ಮತ್ತೆ ಮೇಲಕ್ಕೆ ಒಯ್ಯುವಂತೆ ಕಟ್ಟಿಸಿದೆವು. ಸೋರಿದ ಹನಿ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಮುಟ್ಟುವುದಿಲ್ಲ. ಇದರಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ನೋಡಬೇಡಿ.

ಸ್ಕಿಮ್ಮರ್ ಮತ್ತು ವೇವ್‌ಮೇಕರ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮೃದು ಹವಳಕ್ಕೆ ಗಂಟೆಗೆ ತೊಟ್ಟಿಯ ನೀರಿನ ಇಪ್ಪತ್ತು ಪಟ್ಟು ಹರಿವು ಸಾಕು, ಅಂದರೆ 4,000 ಲೀಟರಿನ ಒಂದು ವೇವ್‌ಮೇಕರ್. ಸ್ಕಿಮ್ಮರನ್ನು ಪೆಟ್ಟಿಗೆಯ ಮೇಲೆ ಬರೆದಿರುವ ಸಾಮರ್ಥ್ಯಕ್ಕಿಂತ ಒಂದು ಅಳತೆ ದೊಡ್ಡದನ್ನು ತೆಗೆದುಕೊಂಡರೆ ಸರಿ.

ಇನ್ನು ದೀಪ

ಹವಳದ ಮೈಯೊಳಗೆ ಜೂಕ್ಸಾಂಥೆಲ್ಲೆ ಎಂಬ ಏಕಕೋಶ ಪಾಚಿ ವಾಸಿಸುತ್ತದೆ. ಬೆಳಕಿನಿಂದ ಅದು ತಯಾರಿಸುವ ಆಹಾರದ ದೊಡ್ಡ ಪಾಲು ಹವಳಕ್ಕೆ ಸಲ್ಲುತ್ತದೆ. ಕಡಲಿನ ನೀರು ಕೆಂಪು ಬೆಳಕನ್ನು ಮೊದಲ ಕೆಲವು ಮೀಟರುಗಳಲ್ಲೇ ಹೀರಿಬಿಡುತ್ತದೆ, ಆಳಕ್ಕೆ ಇಳಿಯುವುದು ನೀಲಿ. ಈ ಪಾಚಿಯೂ 400ರಿಂದ 500 ನ್ಯಾನೋಮೀಟರಿನ ನೀಲಿಯನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಹವಳದ ದೀಪಗಳು ನೀಲಿಯಾಗಿರುವುದು ಅದಕ್ಕಾಗಿ, ಬರೀ ಚಂದಕ್ಕಲ್ಲ.

ಬೆಳಕು ಎಷ್ಟು ಎಂಬುದನ್ನು ವ್ಯಾಟಿನಲ್ಲಿ ಅಳೆಯಲಾಗದು. ದ್ಯುತಿಸಂಶ್ಲೇಷಣೆಗೆ ಒದಗುವ, 400–700 ನ್ಯಾನೋಮೀಟರಿನ ಬೆಳಕಿಗೆ ‘ಪಾರ್’ ಎಂದು ಹೆಸರು. ಉಷ್ಣವಲಯದ ಕಡಲ ಮೇಲ್ಮೈಯಲ್ಲಿ ನಡುಹಗಲು ಅದು 2,000ದ ಆಸುಪಾಸು. ಮೃದು ಹವಳಕ್ಕೆ 50ರಿಂದ 150 ಸಾಕು. ಅಕ್ರೊಪೊರಾದಂಥವಕ್ಕೆ 200ರಿಂದ 350, ಕೆಲವಕ್ಕೆ ಇನ್ನೂ ಹೆಚ್ಚು.

ಮೂರು ದಾರಿಗಳಿದ್ದವು. ಮೆಟಲ್ ಹಾಲೈಡ್ ಅನ್ನು ಕೂಡಲೇ ಬಿಟ್ಟೆವು. 250 ವ್ಯಾಟಿನದು ದಿನಕ್ಕೆ ಒಂಬತ್ತು ಗಂಟೆ ಉರಿದರೆ ಅದೊಂದೇ ಎರಡೂಕಾಲು ಯೂನಿಟ್ ತಿನ್ನುತ್ತದೆ, ಜೊತೆಗೆ ನೀರನ್ನೂ ಕಾಯಿಸುತ್ತದೆ. ಟಿ5 ಟ್ಯೂಬುಗಳು ನನಗೆ ಇಷ್ಟ. ಅವುಗಳ ಬೆಳಕು ನೆರಳೇ ಬೀಳದಂತೆ ಹರಡುತ್ತದೆ. ಆದರೆ ಅವು ವರ್ಷದೊಳಗೆ ಸೊರಗುತ್ತವೆ, ಬಣ್ಣವೂ ಸರಿಯುತ್ತದೆ, ಎಲ್ಲವನ್ನೂ ಬದಲಿಸಬೇಕು. ಹವಳಕ್ಕೆ ಹೊಂದುವ ನೀಲಿ ಟ್ಯೂಬುಗಳು ಬೇಕಾದಾಗ ನಮ್ಮಲ್ಲಿ ಸಿಗುವುದು ಖಾತ್ರಿಯಿಲ್ಲ. ಉಳಿದದ್ದು ಎಲ್‌ಇಡಿ.

ಎಲ್‌ಇಡಿಯಲ್ಲೂ 90 ವ್ಯಾಟಿನ ಒಂದನ್ನು ನಡುವೆ ತೂಗುಬಿಡುವುದೋ, 45 ವ್ಯಾಟಿನ ಎರಡನ್ನು ದೂರದೂರ ಇಡುವುದೋ ಎಂಬ ಪ್ರಶ್ನೆ ಬಂತು. ಒಟ್ಟು ಶಕ್ತಿ ಒಂದೇ. ಆದರೆ ಮೂರಡಿ ಉದ್ದದ ತೊಟ್ಟಿಯಲ್ಲಿ ಒಂದೇ ದೀಪವಿದ್ದರೆ ನಡುವಿನ ಬಂಡೆಯ ನೆತ್ತಿ ಸುಡುತ್ತದೆ, ಎರಡು ತುದಿಗಳು ಮಬ್ಬಾಗಿ ಉಳಿಯುತ್ತವೆ; ಹವಳದ ಒಂದು ಪಕ್ಕ ಬೆಳೆದು ಇನ್ನೊಂದು ಪಕ್ಕ ನೆರಳಿನಲ್ಲಿ ಬಿಳುಚುತ್ತದೆ. ಎರಡಿದ್ದರೆ ಒಂದರ ನೆರಳನ್ನು ಇನ್ನೊಂದು ತುಂಬುತ್ತದೆ. ಒಂದು ಕೆಟ್ಟು ರಿಪೇರಿಗೆ ಹೋದರೂ ತೊಟ್ಟಿ ಪೂರ್ತಿ ಕತ್ತಲಾಗುವುದಿಲ್ಲ. ವಿದೇಶಕ್ಕೆ ಕಳುಹಿಸಿ ವಾರಗಟ್ಟಲೆ ಕಾಯಬೇಕಾದ ವಾರಂಟಿಗಿಂತ, ದೀಪಕ್ಕೆ ಕರೆಂಟು ಹೊಂದಿಸಿಕೊಡುವ ಡ್ರೈವರ್ ಮತ್ತು ಫ್ಯಾನನ್ನು ಇಲ್ಲಿಯೇ ಬದಲಿಸಿಕೊಡುವವರ ದೀಪ ಮೇಲು ಎಂಬುದು ಇನ್ನೊಂದು ಕಾರಣ. ಎರಡಕ್ಕೂ ಸೇರಿ 24,000 ರೂಪಾಯಿ ಆಯಿತು. ನೀಲಿ ಮತ್ತು ಬಿಳಿಯನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯವಿದೆ, ಟೈಮರ್ ಇದೆ. ಮೊಬೈಲಿನಲ್ಲಿ ಗುಡುಗು ಮಿಂಚು ತೋರಿಸುವ ಆಟಗಳಿಲ್ಲ. ಅದರಿಂದ ಯಾವ ಹವಳಕ್ಕೂ ನಷ್ಟವಿಲ್ಲ.

ಕೃತಕ ಕಲ್ಲು ಜೋಡಿಸಿ, ಅಮೋನಿಯಂ ಕ್ಲೋರೈಡ್ ಹಾಕಿ, ಅಮೋನಿಯಾವನ್ನು ನೈಟ್ರೈಟಾಗಿ, ನೈಟ್ರೈಟನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾ ಬೆಳೆಯುವ ತನಕ ದೀಪ ಹಚ್ಚಲೇ ಇಲ್ಲ. ಆ ವಾರಗಳಲ್ಲಿ ಬೆಳಕಿನ ಅಗತ್ಯ ಯಾರಿಗೂ ಇಲ್ಲ, ಪಾಚಿಯನ್ನು ಬಿಟ್ಟು.

ಹಚ್ಚಿದ ಮೇಲೆ

ಮೊದಲ ಜೊವಾಂಥಸ್ ಮತ್ತು ಡಿಸ್ಕೊಸೋಮಾ ಬಂದಾಗ ದೀಪವನ್ನು ಕಾಲು ಭಾಗಕ್ಕೆ ಇಟ್ಟು, ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಲು ಹೇಳಿದ್ದೆ. ಯಜಮಾನರು ಮೊಬೈಲಿನಲ್ಲಿ ಬೆಳಕು ಅಳೆಯುವ ಆಪ್ ಹಾಕಿಕೊಂಡು ನೋಡಿದರು. ಅಂಕಿ ತೀರಾ ಕಡಿಮೆ ಬಂತು. ಬೆಳಕು ಸಾಲದು ಎಂದುಕೊಂಡು ಬಿಳಿಯನ್ನು ಮುಕ್ಕಾಲಿಗೆ ಏರಿಸಿದರು. ಕೆಲವೇ ದಿನಗಳಲ್ಲಿ ಡಿಸ್ಕೊಸೋಮಾ ಅಂಚು ಸುರುಟಿಕೊಂಡು ನಾಣ್ಯದಷ್ಟಾಯಿತು, ಅದರ ಕಡುಗೆಂಪು ಮಾಸಿತು. ಕಲ್ಲಿನ ಮೇಲೆ ಹಸಿರು ಕೂದಲಿನಂಥ ಪಾಚಿ ಎದ್ದಿತು.

ಮೊಬೈಲು ಅಳೆಯುವುದು ಲಕ್ಸ್ ಎಂಬ ಮಾನವನ್ನು, ಅಂದರೆ ನಮ್ಮ ಕಣ್ಣಿಗೆ ಕಾಣುವ ಪ್ರಕಾಶವನ್ನು. ನಮ್ಮ ಕಣ್ಣು 555 ನ್ಯಾನೋಮೀಟರಿನ ಹಸಿರಿಗೆ ಸ್ಪಂದಿಸುವುದರ ನೂರಕ್ಕೆ ನಾಲ್ಕು ಪಾಲಿನಷ್ಟೇ 450ರ ನೀಲಿಗೆ ಸ್ಪಂದಿಸುತ್ತದೆ. ನೀಲಿಯಲ್ಲಿ ಮಿಂದಿರುವ ತೊಟ್ಟಿ ಲಕ್ಸಿನಲ್ಲಿ ಕತ್ತಲೆಯಾಗಿ ಕಾಣುವುದು ಸಹಜ. ಹವಳಕ್ಕೆ ಮಾತ್ರ ಅದು ಭರ್ತಿ ಬೆಳಕು.

ಹವ್ಯಾಸಿ ಗೆಳೆಯರೊಬ್ಬರ ಪಾರ್ ಮೀಟರನ್ನು ಎರವಲು ತಂದು ಕುಳಿತೆವು. ಮಗಳು ಉದ್ದ ಕೋಲಿನ ತುದಿಗೆ ಸಂವೇದಕ ಕಟ್ಟಿ ನೀರೊಳಗೆ ಇಳಿಸುತ್ತಿದ್ದಳು, ತಾಯಿ ಅಂಕಿ ಬರೆದುಕೊಳ್ಳುತ್ತಿದ್ದರು. ಬಿಳಿ ಮುಕ್ಕಾಲಿನಲ್ಲಿದ್ದಾಗ ಡಿಸ್ಕೊಸೋಮಾ ಇದ್ದ ಬಂಡೆಯ ನೆತ್ತಿಯಲ್ಲಿ 260. ನೀಲಿಯನ್ನು ಶೇಕಡ 60ಕ್ಕೆ, ಬಿಳಿಯನ್ನು ಶೇಕಡ 15ಕ್ಕೆ ಇಳಿಸಿದಾಗ ನೆತ್ತಿಯಲ್ಲಿ 150, ನಡುಬಂಡೆಯಲ್ಲಿ 90, ಮರಳಿನ ಮೇಲೆ 60, ಮುಂದಿನ ಮೂಲೆಗಳಲ್ಲಿ 40. ಆ ಕಾಗದವನ್ನು ತೊಟ್ಟಿಯ ಪಕ್ಕದ ಗೋಡೆಗೇ ಅಂಟಿಸಿದ್ದಾರೆ. ಯಾವ ಹವಳ ಎಲ್ಲಿ ಎಂಬ ಚರ್ಚೆ ಈಗ ಆ ಕಾಗದದ ಮುಂದೆ ನಡೆಯುತ್ತದೆ: ಡಿಸ್ಕೊಸೋಮಾ ಮರಳಿಗೆ ಇಳಿಯಿತು, ಜೊವಾಂಥಸ್ ನಡುವಿಗೆ, ಸಾರ್ಕೊಫೈಟನ್ ಮೇಲಕ್ಕೆ. ಮಾಸಿದ ಬಣ್ಣ ಮರಳಲು ವಾರಗಳೇ ಹಿಡಿದವು.

ಸಾರ್ಕೊಫೈಟನ್ ಒಮ್ಮೆ ಎಲ್ಲರನ್ನೂ ಹೆದರಿಸಿತು. ಅದರ ಟೋಪಿಯ ಮೇಲಿನ ಪುಟ್ಟ ಹೂವಿನಂಥ ಪಾಲಿಪ್‌ಗಳೆಲ್ಲ ಒಳಸೇರಿ, ಮೈ ಮೇಣ ಬಳಿದಂತೆ ಹೊಳೆಯತೊಡಗಿತು. ಮಗಳು ಫೋಟೋ ಕಳುಹಿಸಿ, ಬೆಳಕು ಇನ್ನೂ ಇಳಿಸಬೇಕೇ ಎಂದು ಕೇಳಿದಳು. ಏನನ್ನೂ ಮುಟ್ಟಬೇಡ, ವೇವ್‌ಮೇಕರನ್ನು ಮಾತ್ರ ಸ್ವಲ್ಪ ಅದರ ಕಡೆ ತಿರುಗಿಸು ಎಂದೆ. ಈ ಜಾತಿ ಆಗಾಗ ಮೈಮೇಲೆ ತೆಳು ಪೊರೆ ಕಟ್ಟಿ, ಅದನ್ನು ಕಳಚುತ್ತದೆ. ಪಾಚಿ, ಕೊಳೆ ಎಲ್ಲ ಪೊರೆಯ ಜೊತೆಗೇ ಹೋಗುತ್ತದೆ. ಹರಿವು ಸಾಕಷ್ಟಿದ್ದರೆ ಪೊರೆ ಬೇಗ ಬಿಡುತ್ತದೆ. ಇಂಥ ಹೊತ್ತಿನಲ್ಲಿ ದೀಪ, ಉಪ್ಪು, ಔಷಧಿ ಎಂದು ಎಲ್ಲವನ್ನೂ ಒಟ್ಟಿಗೆ ಬದಲಿಸಿ ಹವಳವನ್ನು ಕಳೆದುಕೊಂಡವರನ್ನು ಬಲ್ಲೆ.

ಈಗ ದೀಪ ದಿನಕ್ಕೆ ಒಂಬತ್ತು ಗಂಟೆ, ಮಧ್ಯಾಹ್ನ ಒಂದರಿಂದ ರಾತ್ರಿ ಹತ್ತರವರೆಗೆ ಉರಿಯುತ್ತದೆ. ಮನೆಯವರೆಲ್ಲ ನೋಡಲು ಸಿಗುವ ಹೊತ್ತು ಅದು. ದೀಪ ಮತ್ತು ಪಂಪುಗಳು ಸೇರಿ ತಿಂಗಳಿಗೆ ಸುಮಾರು 50 ಯೂನಿಟ್. ಚಳಿಗಾಲದಲ್ಲಿ ಹೀಟರಿನದು ಬೇರೆ. ಬೇಸಿಗೆಯಲ್ಲಿ ಫ್ಯಾನುಗಳು ನೀರನ್ನು 27ರೊಳಗೆ ಹಿಡಿದಿಟ್ಟವು. ಯಜಮಾನರಿಗೆ ಇನ್ನೊಂದು ದೀಪ ಸೇರಿಸಿ ಮೂಲೆಗಳನ್ನೂ ಬೆಳಗಿಸುವ ಆಸೆ ಇದೆ. 40ರ ಮೂಲೆಯಲ್ಲಿ ಡಿಸ್ಕೊಸೋಮಾ ತಾನಾಗಿಯೇ ಹರಡುತ್ತಿರುವಾಗ ಅದರ ಅಗತ್ಯ ನನಗೆ ಕಾಣುತ್ತಿಲ್ಲ. ಆ ದುಡ್ಡಿಗೆ ಮೊದಲು ಒಂದು ಹೆಚ್ಚುವರಿ ರಿಟರ್ನ್ ಪಂಪ್ ತಂದು ಕಪಾಟಿನಲ್ಲಿಡಲಿ, ಆರ್‌ಒ ಮೆಂಬ್ರೇನ್ ಬದಲಿಸಲಿ ಎಂದು ಹೇಳಿದ್ದೇನೆ; ಮನೆಯ ಯಜಮಾನಿ ಅದನ್ನು ಈ ತಿಂಗಳ ಲೆಕ್ಕಕ್ಕೆ ಆಗಲೇ ಬರೆದುಕೊಂಡಿದ್ದಾರೆ.